ಸೂಜಿ ಹಿಡಿದ ಜ್ವರ

ಮುದ್ದಕ್ಕನಿಗೆ ಜ್ವರ ಅಂದರೆ ಹೆದರಿಕೆಯೇ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅದನ್ನು ನೋಡಿಯೇ.

ಅವಳನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಜಗಲಿಯ ಮೇಲೆ. ಹೊಸದುರ್ಗದಲ್ಲಿ ನಮ್ಮದು ಉಣ್ಣೆ ವ್ಯಾಪಾರದ ಮನೆ. ನನ್ನ ಗಂಡ ಸಲೀಂ ಬಾಗೂರು, ಶ್ರೀರಾಂಪುರ ಕಡೆಯ ಹಟ್ಟಿಗಳಿಗೆ ಹೋಗಿ ಉಣ್ಣೆ ತರುತ್ತಾರೆ. ಅವರ ಅಜ್ಜ ಮಾಡಿದ್ದೂ ಅದನ್ನೇ, ಅಜ್ಜನ ಅಜ್ಜ ಮಾಡಿದ್ದೂ ಅದನ್ನೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಬಾಗಿಲು ತೆಗೆದರೆ, ಉಣ್ಣೆಯ ಮೂಟೆಯ ಮೇಲೆ ಮೂಟೆಯಷ್ಟೇ ಗಟ್ಟಿಯಾಗಿ ಒಬ್ಬ ಹೆಂಗಸು ಕುಳಿತಿದ್ದಳು. "ಮೊದ್ಲು ನೀರು ಕೊಡು, ಆಮ್ಯಾಲೆ ಯಾರು ಅಂತ ಕೇಳು" ಅಂದಳು. ನನಗೆ ಮೈ ಉರಿಯಿತು. ನಾನೇನು ಕಡಿಮೆಯವಳೇ? "ಯಾರು ಅಂತ ಹೇಳಿದ್ರೆ ನೀರು" ಅಂದೆ. ಅವಳು ನಕ್ಕುಬಿಟ್ಟಳು. ಅವತ್ತಿನಿಂದ ನಮ್ಮಿಬ್ಬರ ಜಗಳವೂ ಸ್ನೇಹವೂ ಒಟ್ಟಿಗೇ ನಡೆದುಕೊಂಡು ಬಂದಿವೆ.

ಅವಳದು ಶ್ರೀರಾಂಪುರದ ಹತ್ತಿರದ ಒಂದು ಹಟ್ಟಿ. ಗಂಡ ಕಾಟಲಿಂಗಪ್ಪ ಮಾತಿಲ್ಲದ ಮನುಷ್ಯ. ಹೆಗಲ ಮೇಲೊಂದು ಕಂಬಳಿ, ಕಣ್ಣ ಮುಂದೆ ಕುರಿ, ಅಷ್ಟಿದ್ದರೆ ಅವನಿಗೆ ಸಾಕು. ಮನೆಯ ಮಾತೆಲ್ಲ ಇವಳ ಪಾಲು. ಮಳೆಗಾಲಕ್ಕೆ ಮುಂಚೆ ಪಶು ಆಸ್ಪತ್ರೆಯವರು ಕರುಳುಬೇನೆಯ ಲಸಿಕೆ ಹಾಕಲು ಬಂದರೆ, ತಮ್ಮ ಹಟ್ಟಿಗಷ್ಟೇ ಅಲ್ಲ, ಸುತ್ತಲಿನ ಹಟ್ಟಿಗಳಿಗೂ ಕುರಿ ಹಿಡಿಯಲು ಇವಳೇ ಆಗಬೇಕು. ಎಂಥಾ ಪುಂಡ ಟಗರಾದರೂ ಇವಳ ಮಂಡಿಯ ಸಂದಿಗೆ ಬಂತೆಂದರೆ ಕದಲುತ್ತಿರಲಿಲ್ಲ.

ಸೂಜಿ ಹಾಕಿಸಿದ ಮಾರನೆಯ ದಿನ ಕೆಲವು ಕುರಿಗಳು ಮೈ ಬೆಚ್ಚಗಾಗಿ, ಮೇವು ಬಿಟ್ಟು ಮುದುಡಿ ಮಲಗುತ್ತವೆ. ಆಗ ಇವಳು ಕುರಿ ಕೂಡುವ ರೊಪ್ಪದೊಳಗೆ ಹೋಗಿ ಒಂದೊಂದರ ಕಿವಿಯ ಬುಡ ಹಿಡಿದು ನೋಡುವಳು. ಬಿಸಿ ತಗುಲಿದರೆ ಮುಖ ಅರಳುವುದು. "ಸೂಜಿ ಹಿಡೀತು" ಅನ್ನುವಳು. ಕಿವಿ ತಣ್ಣಗಿರುವ ಕುರಿಯ ಮೇಲೆಯೇ ಅವಳಿಗೆ ಅನುಮಾನ: ಅದಕ್ಕೆ ಮದ್ದು ಇಳಿದಿಲ್ಲ, ರೋಗ ಬಂದರೆ ಮೊದಲು ಹೋಗುವುದು ಅದೇ ಎಂದು. ಬಿಸಿಯಾದ ಕುರಿಯನ್ನು ಎಬ್ಬಿಸಬಾರದು. ಕತ್ತಲೆಯಿರುವ ಮೂಲೆಯಲ್ಲಿ ಸುಮ್ಮನೆ ಬಿಡಬೇಕು. ಹೊತ್ತು ಇಳಿಯುವವರೆಗೆ ನೀರು ತೋರಿಸಬಾರದು. ಆ ರೊಪ್ಪದ ಮುಂದೆ ನಿಂತು ಬೇರೆಯವರ ಸತ್ತ ಕುರಿಯ ಸುದ್ದಿ ಎತ್ತಬಾರದು. ಇವೆಲ್ಲ ಅವಳ ಅತ್ತೆಯಿಂದ ಬಂದ ಕಟ್ಟಳೆಗಳು. ನೀರು ತಪ್ಪಿಸಬೇಡವೆಂದು ಪಶು ಡಾಕ್ಟರು ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ಇವಳು ತಲೆಯಾಡಿಸಿ, ಅವರ ಜೀಪು ತಿರುಗಿದ ಮೇಲೆ ತನ್ನ ಕಟ್ಟಳೆಯನ್ನೇ ನಡೆಸುತ್ತಿದ್ದಳು. ಅವಳ ಕುರಿಗಳು ಬದುಕುತ್ತಿದ್ದವು ಕೂಡ. ಅಂದ ಮೇಲೆ ಯಾರು ಏನು ಹೇಳುವುದು?

ಅವಳಿಗಿದ್ದವನು ಒಬ್ಬನೇ ಮಗ, ಜುಂಜೇಶ್. ಹರಕೆ ಹೊತ್ತ ಮೇಲೆ ಹುಟ್ಟಿದವನು. ಶ್ರೀರಾಂಪುರದಲ್ಲಿ ಪಿಯುಸಿ ಓದುತ್ತಿದ್ದ. ಓದಿಗಿಂತ ಕೀಟಲೆ ಜಾಸ್ತಿ. ಅಪ್ಪನ ಜೊತೆ ಉಣ್ಣೆ ತಂದರೆ ನಮ್ಮ ಬಾಗಿಲ ಹೊರಗೆ ಕುರಿಯ ಹಾಗೆ ಕೂಗುತ್ತಿದ್ದ. ನಾನು ಪೊರಕೆ ಹಿಡಿದು ಓಡಿಬಂದರೆ "ಚಾಚಿ, ನಾನೇ, ಹೊಡೀಬ್ಯಾಡ್ರಿ" ಎಂದು ಹಲ್ಲು ಕಿರಿಯುತ್ತಿದ್ದ. ಅವನಿಗೊಂದು ವಿದ್ಯೆಯಿತ್ತು. ಕಣ್ಣು ಮುಚ್ಚಿಕೊಂಡು ಬರೀ ಕೂಗಿನಿಂದ ಯಾವ ಕುರಿ ಎಂದು ಹೇಳುವನು. ಇದು ಕೆಂದಿ, ಇದು ಜೋಲ್ಗಿವಿ, ಇದು ಮೋಟಿ. ತಪ್ಪುತ್ತಿರಲಿಲ್ಲ. ಬೇಕೆಂದೇ ತಪ್ಪು ಹೇಳಿ ಅವ್ವನನ್ನು ರೇಗಿಸುವುದೂ ಇತ್ತು.

ಆ ಹುಡುಗನಿಗೆ ರಕ್ತದ ಕ್ಯಾನ್ಸರ್ ಬಂತು. ಮೊದಲು ಒಸಡಿನಲ್ಲಿ ರಕ್ತ, ಆಮೇಲೆ ತೊಡೆಯ ಮೇಲೆ ಕಾರಣವಿಲ್ಲದ ಕಪ್ಪು ಗುರುತುಗಳು. ಚಿತ್ರದುರ್ಗದ ಡಾಕ್ಟರು ರಕ್ತ ನೋಡಿದವರೇ ಬೆಂಗಳೂರಿಗೆ ಬರೆದುಕೊಟ್ಟರು. ಕೀಮೋ ಆಯಿತು, ಕೂದಲು ಉದುರಿತು, ಮತ್ತೆ ಹುಟ್ಟಿತು, ಹುಡುಗ ಕಾಲೇಜಿಗೂ ಹೋದ. ಎಲ್ಲ ಮುಗಿಯಿತೆಂದು ನಾವು ಉಸಿರು ಬಿಟ್ಟೆವು. ವರ್ಷ ತುಂಬುವ ಮೊದಲೇ ರೋಗ ತಿರುಗಿ ಬಂತು. ಈ ಸಲ ಹಳೆಯ ಮದ್ದಿಗೆ ಅದು ಸೊಪ್ಪು ಹಾಕಲಿಲ್ಲ.

ಬೆಂಗಳೂರಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಮುದ್ದಕ್ಕ, ಕಾಟಲಿಂಗಪ್ಪ, ಜುಂಜೇಶ್, ಜೊತೆಗೆ ನಾನು. ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಮಾತಾಡಲು ಒಬ್ಬರು ಬೇಕೆಂದು ಮುದ್ದಕ್ಕ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. "ಒಂದು ಹೊಸ ಚಿಕಿತ್ಸೆ ಇದೆ, ಇನ್ನೂ ಪರೀಕ್ಷೆಯ ಹಂತದಲ್ಲಿದೆ" ಅಂದರು. "ಇವನ ರಕ್ತದಿಂದಲೇ ಕೆಲವು ಜೀವಕೋಶ ತೆಗೀತೀವಿ. ರೋಗದ ಜೊತೆ ಹೋರಾಡೋ ಕೋಶಗಳು ಅವು. ಆದರೆ ಈ ಕ್ಯಾನ್ಸರ್ ಅನ್ನ ಗುರುತು ಹಿಡಿಯೋಕೆ ಅವಕ್ಕೆ ಬರ್ತಿಲ್ಲ. ಲ್ಯಾಬಿನಲ್ಲಿ ಅದನ್ನ ಕಲಿಸಿ, ಬೆಳೆಸಿ, ಮತ್ತೆ ಇವನ ಮೈಗೇ ಬಿಡ್ತೀವಿ. ಕೆಲವರಿಗೆ ಪೂರ್ತಿ ವಾಸಿಯಾಗಿದೆ. ಕೆಲವರಿಗೆ ಆಗಿಲ್ಲ. ಕೆಲವರಿಗೆ ಚಿಕಿತ್ಸೆಯಿಂದಲೇ ಅಪಾಯ ಆಗಿದೆ."

ಕಾಟಲಿಂಗಪ್ಪ ಅಪರೂಪಕ್ಕೆ ಬಾಯಿ ಬಿಟ್ಟ. "ಅಂದ್ರೆ ನಮ್ಮ ಹುಡುಗನ ಮ್ಯಾಲೆ ಮಾಡಿ ನೋಡ್ತೀರಿ."

"ಹೌದು" ಅಂದರು ಡಾಕ್ಟರಮ್ಮ. "ಬೇಡ ಅನ್ನೋ ಹಕ್ಕು ನಿಮಗಿದೆ."

ಮುದ್ದಕ್ಕ ಮೇಜಿನ ಮೇಲೆ ಎರಡೂ ಕೈ ಊರಿ ಕುಳಿತಿದ್ದಳು. "ನಮ್ಮ ನಾಯಿಗೇ ತೋಳದ ವಾಸನೆ ಹಿಡಿಸಿ ಬಿಡ್ತೀರಿ, ಅಷ್ಟೇ ತಾನೆ?" ಅಂದಳು.

"ಹಾಗೇ ಅಂದ್ಕೊಳ್ಳಿ."

"ತೋಳ ಸತ್ತ ಮ್ಯಾಲೆ ನಾಯಿ ಕಟ್ಟೋರು ಯಾರು?"

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಕಟ್ಟೋಕೆ ನಮ್ಮ ಹತ್ತಿರ ಮದ್ದಿದೆ. ಆದರೆ ಸುದ್ದಿ ಮೊದಲು ನಮಗೆ ಮುಟ್ಟಬೇಕು. ಮೈ ಬಿಸಿಯಾದ ತಕ್ಷಣ ಹೇಳಬೇಕು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜುಂಜೇಶನೇ ಹೇಳಿದ: "ಆಗ್ಲಿ ಬಿಡವ್ವ. ಸುಮ್ನೆ ಮನೇಲಿ ಕುಂತು ಸಾಯೋದಕ್ಕಿಂತ ನಾಯಿ ಸಾಕ್ತೀನಿ." ಅವನು ನಗುತ್ತಲೇ ಅಂದದ್ದು. ಕಾಟಲಿಂಗಪ್ಪ ಎದ್ದು ಹೊರಗೆ ಹೋಗಿ, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಿಂತ.

ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗಿ ರಂಜಿತಾ. ಇವನದೇ ರೋಗ, ಇವನದೇ ಚಿಕಿತ್ಸೆ. ಅವಳ ತಾಯಿ ಕೆಂಚಕ್ಕ ಮಾರಿಕಣಿವೆಯವಳು, ಗಂಡನಿಗೆ ಅಲ್ಲಿಯ ನಾಲೆಗೆ ನೀರು ಬಿಡುವ ಕೆಲಸ. ಪಕ್ಕದ ಹಿರಿಯೂರು ತಾಲ್ಲೂಕಿನವರು ಅಂದ ಕೂಡಲೇ ಮುದ್ದಕ್ಕನಿಗೆ ತವರಿನವರು ಸಿಕ್ಕ ಹಾಗಾಯಿತು. ಇಬ್ಬರೂ ರೊಟ್ಟಿ, ಕಣ್ಣೀರು ಎಲ್ಲ ಹಂಚಿಕೊಂಡರು. ಮಕ್ಕಳಿಬ್ಬರಿಗೂ ಕೋಶಗಳನ್ನು ಒಂದೇ ವಾರದಲ್ಲಿ ಬಿಟ್ಟರು. ಅಷ್ಟೆಲ್ಲ ಹೆದರಿಸಿದ್ದು ನೋಡಿ ಏನೋ ದೊಡ್ಡದು ನಡೆಯುತ್ತದೆಂದು ನಾನು ಬಾಯಲ್ಲಿ ದುವಾ ಹೇಳಿಕೊಂಡು ನಿಂತಿದ್ದರೆ, ಪುಟ್ಟ ಚೀಲವೊಂದು ಟೀ ಕುಡಿಯುವಷ್ಟರಲ್ಲಿ ಹುಡುಗನ ಮೈಗೆ ಇಳಿದು ಖಾಲಿಯಾಯಿತು.

ಆಮೇಲೆ ಜ್ವರ ಬಂತು. ಮಂಚ ಅಲುಗಾಡುವಂಥ ನಡುಕ. ನರ್ಸುಗಳು ಓಡಿ ಬಂದರು, ಯಂತ್ರಗಳು ಕೂಗಿದವು, ನಮ್ಮನ್ನು ಹೊರಗೆ ನಿಲ್ಲಿಸಿದರು. ಮದ್ದು ಕೊಟ್ಟ ಮೇಲೆ ಇಳಿಯಿತು. ಬೆಳಿಗ್ಗೆ ಒಬ್ಬಳು ಎಳೆಯ ನರ್ಸು ಬಂದು, ಪಾಪ, ಸಮಾಧಾನ ಮಾಡಲೆಂದೇ ಅಂದಳು: "ಹೆದರಬೇಡಿ ಅಮ್ಮ, ಒಳ್ಳೇ ಲಕ್ಷಣ. ಕೋಶಗಳು ಕೆಲಸ ಮಾಡ್ತಿವೆ ಅಂತ ಅರ್ಥ."

ಮುದ್ದಕ್ಕನ ಮುಖ ಅರಳಿತು. ರೊಪ್ಪದಲ್ಲಿ ಬಿಸಿ ಕಿವಿ ಸಿಕ್ಕಾಗ ಅರಳುವ ಹಾಗೆಯೇ. ಮಗನ ಕಿವಿಯ ಬುಡ ಹಿಡಿದು, "ಸೂಜಿ ಹಿಡೀತು ಕಣೇ ಕೆಂಚಕ್ಕ" ಅಂದಳು. ತನ್ನ ಕುರಿಗಳ ಕಥೆಯನ್ನೆಲ್ಲ ಅವಳಿಗೆ ಹೇಳಿದಳು. ಬಿಸಿಯಾದರೆ ಎಬ್ಬಿಸಬಾರದು, ಹೊತ್ತು ಇಳಿಯುವವರೆಗೆ ನೀರು ಕೊಡಬಾರದು, ಒಂದನ್ನೂ ಬಿಡಲಿಲ್ಲ. ಕೆಂಚಕ್ಕ ಬಾಯಿ ತೆರೆದುಕೊಂಡು ಕೇಳಿದಳು.

ರಂಜಿತಾಳಿಗೆ ಜ್ವರ ಬರಲಿಲ್ಲ. ಒಂದು ದಿನ ಕಾದರು, ಇನ್ನೊಂದು ದಿನ ಕಾದರು. ಕೆಂಚಕ್ಕ ಮುದ್ದಕ್ಕನ ಕೈ ಹಿಡಿದು, "ನೀನೊಂದು ಸಲ ನೋಡೇ" ಎಂದು ಎಳೆದುಕೊಂಡು ಬಂದಳು. ಮುದ್ದಕ್ಕ ಹುಡುಗಿಯ ಕಿವಿಯ ಬುಡ ಹಿಡಿದಳು. ಹಿಡಿದವಳು ಏನೂ ಹೇಳದೆ ಹುಡುಗಿಯ ತಲೆ ಸವರಿ ಈಚೆ ಬಂದುಬಿಟ್ಟಳು. ಕಿವಿ ತಣ್ಣಗಿತ್ತು. ಕೆಂಚಕ್ಕ ಅಲ್ಲೇ ಕುಸಿದು ಕುಳಿತು, "ನನ್ನ ಮಗಳಿಗೆ ಜ್ವರಾನೇ ಬರ್ಲಿಲ್ಲ" ಎಂದು ಅತ್ತಳು. ಜ್ವರ ಬರಲಿಲ್ಲವೆಂದು ಅಳುವ ತಾಯಿಯನ್ನು ನಾನು ಕಂಡದ್ದು ಅದೇ ಮೊದಲು.

ತಿಂಗಳ ಕೊನೆಗೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದರು. ಜುಂಜೇಶನದರಲ್ಲಿ ರೋಗದ ಸುಳಿವೇ ಇರಲಿಲ್ಲ. ರಂಜಿತಾಳದರಲ್ಲಿ ಇತ್ತು. ಜ್ವರ ಬಂದವರೆಲ್ಲ ವಾಸಿಯಾಗುವುದಿಲ್ಲ, ಬಾರದವರೆಲ್ಲ ಕೆಡುವುದಿಲ್ಲ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಯಾರ ಕಿವಿಗೆ ಹೋಗಬೇಕು? ಆ ಇಬ್ಬರು ಹೆಂಗಸರೂ ಕಣ್ಣಾರೆ ಕಂಡಿದ್ದರಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಮತ್ತೆ ಕೂರಿಸಿಕೊಂಡರು. "ಹೊಸ ಕೋಶಗಳು ಕ್ಯಾನ್ಸರ್ ಜೊತೆಗೆ ಇವನ ಮೈಯ ಕಾವಲು ಕೋಶಗಳನ್ನೂ ತಿಂದಿವೆ. ಈಗ ಇವನ ಮೈಗೆ ಬೇಲಿಯೇ ಇಲ್ಲ. ಆಗ ಬಂದ ಜ್ವರ ಬೇರೆ, ಇನ್ನು ಮುಂದೆ ಬರೋ ಜ್ವರ ಬೇರೆ. ಇನ್ನು ಬಂದರೆ ಅದು ಸೋಂಕು. ಬೆಳಿಗ್ಗೆ ಬಂದದ್ದು ಸಂಜೆಗೆ ಆಳನ್ನ ತೆಗೆಯುತ್ತೆ. ಆ ಕ್ಷಣವೇ ಈ ನಂಬರಿಗೆ ಫೋನ್ ಮಾಡಬೇಕು. ಕುರಿ, ಗೊಬ್ಬರ, ಧೂಳು ಯಾವುದೂ ಹತ್ತಿರ ಬರಕೂಡದು." ಮುದ್ದಕ್ಕ ತಲೆಯಾಡಿಸಿದಳು. ಪಶು ಡಾಕ್ಟರ ಮಾತಿಗೆ ಆಡಿಸುತ್ತಿದ್ದ ತಲೆಯೂ ಅದೇ.

ಹಟ್ಟಿಗೆ ಹೋಗುವಂತಿರಲಿಲ್ಲ. ನಮ್ಮ ಮನೆಯ ಮಹಡಿಯ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಉಣ್ಣೆಯ ಮೂಟೆಗಳನ್ನೆಲ್ಲ ಪಕ್ಕದ ಬೀದಿಗೆ ಸಾಗಿಸಿ, ತಾಯಿ ಮಗನನ್ನು ಇರಿಸಿಕೊಂಡೆವು. "ಮೂಟೆ ಹೊರೋದ್ರಾಗೇ ನನ್ನ ಸೊಂಟ ಹೋಯ್ತು" ಎಂದು ಸಲೀಂ ಗೊಣಗಿದರೂ, ಹುಡುಗನಿಗೆ ಅಂತ ಹೊಸ ಫ್ಯಾನು ತಂದು ಹಾಕಿದವರೂ ಅವರೇ. ಕಾಟಲಿಂಗಪ್ಪ ಸಂತೆಯ ದಿನ ಬರುತ್ತಿದ್ದ. ಮೈಯೆಲ್ಲ ಕುರಿಯ ವಾಸನೆಯಾದ್ದರಿಂದ ಮನೆ ಹತ್ತುವಂತಿಲ್ಲ. ಬೀದಿಯ ಆ ಬದಿಯಲ್ಲಿ ನಿಂತು ಮೇಲಿನ ಕಿಟಕಿಯನ್ನೇ ನೋಡುತ್ತಿದ್ದ. ಮೇಲಿನಿಂದ ಮಗ, "ಅಪ್ಪಾ, ಕತ್ತು ನೋಯಲ್ವಾ" ಅನ್ನುವನು. ಅಪ್ಪ ಇಲ್ಲವೆಂದು ತಲೆಯಾಡಿಸುವನು. ಅಷ್ಟೇ ಅವರ ಸಂಭಾಷಣೆ.

ಉಳಿದ ದಿನ ಫೋನು. ಮಧ್ಯಾಹ್ನ ಕುರಿ ನೆರಳಿಗೆ ನಿಂತಾಗ ಕಾಟಲಿಂಗಪ್ಪ ಫೋನನ್ನು ಒಂದೊಂದು ಕುರಿಯ ಬಾಯಿಗೆ ಹಿಡಿಯುವನು. ಜುಂಜೇಶ್ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಹೆಸರು ಹೇಳುವನು. ಕೆಂದಿ. ಮೋಟಿ. ಇದು ಜೋಲ್ಗಿವಿಯ ಮರಿ, ದನಿ ಒಡೆದೈತೆ. ಮುದ್ದಕ್ಕ ಕೆಳಗಿನಿಂದ ಕೇಳಿಸಿಕೊಂಡು ನನಗೆ ಕಣ್ಣಿನಲ್ಲೇ ಸನ್ನೆ ಮಾಡುವಳು, ನೋಡಿದೆಯಾ ಹೇಗಿದ್ದಾನೆ ಅಂತ. ಹುಡುಗನ ಕೆನ್ನೆ ತುಂಬಿಕೊಂಡಿತ್ತು. ಆದರೆ ನನಗೆ ಆ ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ಇಳಿಯುತ್ತಿರಲಿಲ್ಲ. ಮೇಲೆ ಕೆಮ್ಮಿನ ಸದ್ದಾದರೂ ಕೈಯಲ್ಲಿದ್ದ ಪಾತ್ರೆ ಬಿಡುತ್ತಿದ್ದೆ. ಆಸ್ಪತ್ರೆಯವರು ಕೊಟ್ಟ ಥರ್ಮಾಮೀಟರು ಗೋಡೆಯ ಮೊಳೆಗೆ ನೇತಾಡುತ್ತಿತ್ತು. "ಹಚ್ಚಿ ನೋಡೇ" ಅಂದರೆ ಮುದ್ದಕ್ಕ, "ಅದಕ್ಕಿಂತ ನನ್ನ ಕೈ ವಾಸಿ" ಅನ್ನುವಳು. ಕೈಯೇನೋ ವಾಸಿಯೇ. ಬಿಸಿಯಾದದ್ದನ್ನು ಆ ಕೈ ತಪ್ಪದೆ ಹಿಡಿಯುತ್ತಿತ್ತು.

ಅವತ್ತು ಹೊಳಲ್ಕೆರೆಯಲ್ಲಿ ನನ್ನ ನಾದಿನಿಯ ಮಗಳು ಮಹ್ವಿಶಳ ನಿಶ್ಚಿತಾರ್ಥ. ಬೆಳಿಗ್ಗೆ ಹೊರಡುವಾಗ ಜುಂಜೇಶ್ ಕಿಟಕಿಯಲ್ಲಿ ನಿಂತು, "ಚಾಚಿ, ನಂಗೆ ಬಿರಿಯಾನಿ ಇಲ್ವಾ" ಅಂದ. "ಹೊರಗಿನದು ನೀನು ತಿನ್ನಂಗಿಲ್ಲ, ಸುಮ್ನೆ ಒಳಗೆ ಹೋಗು" ಎಂದು ಗದರಿದೆ. ಊಟ ಮುಗಿಸಿ ನಾವು ವಾಪಸು ಬಂದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

ಮುದ್ದಕ್ಕ ಮೆಟ್ಟಿಲ ಬುಡದಲ್ಲಿ ನನಗಾಗಿಯೇ ಕಾದು ನಿಂತಿದ್ದಳು. ಮುಖದ ತುಂಬ ನಗು. ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ ನನ್ನ ಎರಡೂ ಕೈ ಹಿಡಿದಳು.

"ಜ್ವರ ಬಂತು ಶಬನಾ" ಅಂದಳು.

ನಾನು ಕೈ ಬಿಡಿಸಿಕೊಂಡು, "ಯಾವಾಗ?" ಅಂದೆ.

"ನೀವು ಹೋದ ಸ್ವಲ್ಪ ಹೊತ್ತಿಗೇ ಬಂತು. ಕಿವಿ ನೋಡು ಬಾ, ಹೆಂಗೆ ಸುಡ್ತಾ ಐತೆ. ಸೂಜಿ ಇನ್ನಾ ಹಿಡೀತಾನೇ ಐತೆ. ಅವರಪ್ಪಂಗೂ ಹೇಳ್ದೆ. ಎಬ್ಬಿಸಬ್ಯಾಡ, ಹೊದ್ದಿಸಿ ಮಲಗಿಸಿವ್ನಿ."

ಅವಳನ್ನು ತಳ್ಳಿಕೊಂಡು ಮೇಲೆ ಓಡಿದೆ. ಕೋಣೆಯ ಕಿಟಕಿ ಮುಚ್ಚಿತ್ತು. ಫ್ಯಾನು ನಿಲ್ಲಿಸಿತ್ತು. ಹುಡುಗ ಕಂಬಳಿಯೊಳಗೆ ಮುದುಡಿಕೊಂಡಿದ್ದ, ತುಟಿ ಒಡೆದು ಬಿಳಿಚಿತ್ತು. ಮೂಲೆಯಲ್ಲಿ ನೀರಿನ ಲೋಟ ಬೋರಲು ಹಾಕಿತ್ತು. "ಜುಂಜಾ, ನಾನು ಕಣೋ, ಚಾಚಿ" ಎಂದು ಅಲುಗಿಸಿದೆ. ಅವನು ಕಣ್ಣು ತೆರೆದು ನನ್ನನ್ನು ನೋಡಿ, "ಕೆಂದಿ" ಅಂದ.

ಹಿಂದೆ ಬಾಗಿಲಲ್ಲಿ ಮುದ್ದಕ್ಕ ನಗುತ್ತಿದ್ದಳು. "ಹುಡುಗಾಟ ನೋಡು ಅವಂದು. ಮಧ್ಯಾನ ಅವರಪ್ಪ ಕುರಿ ಕೂಗ್ಸಿದ್ರೆ ಎಲ್ಲದಕ್ಕೂ ಕೆಂದಿ, ಕೆಂದಿ ಅಂದ. ಬೇಕಂತಾನೇ."

"ಬೇಕಂತ ಅಲ್ವೇ ಹುಚ್ಚಿ" ಎಂದು ಕಿರುಚಿದೆ. "ಅವನಿಗೆ ಗುರುತು ಸಿಗ್ತಿಲ್ಲ. ಡಾಕ್ಟರಮ್ಮ ಏನು ಹೇಳಿದ್ರು ನಿಂಗೆ? ಬಾಯಿ ಬಡ್ಕೊಂಡು ಹೇಳಿದ್ರಲ್ಲೇ."

ಅವಳ ಮುಖದ ಮೇಲಿನ ನಗು ಒಮ್ಮೆಲೇ ಹೋಗಲಿಲ್ಲ. ಅದಕ್ಕೆ ಹೋಗಲು ದಾರಿ ಗೊತ್ತಾಗದ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ನನಗೆ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುವುದು ಅದೇ.

ಸಲೀಂ ಆ ನಂಬರಿಗೆ ಫೋನ್ ಮಾಡಿದರು. ಜ್ವರ ಯಾವಾಗ ಬಂತೆಂದು ಆ ಕಡೆಯಿಂದ ಕೇಳಿದರು. ಬೆಳಿಗ್ಗೆ ಎಂದು ಸಲೀಂ ಹೇಳಿದರು. ಒಂದು ಕ್ಷಣವೂ ನಿಲ್ಲಬೇಡಿ, ಹಿರಿಯೂರಿನ ಆಸ್ಪತ್ರೆಗೆ ನಾವೇ ಹೇಳಿರುತ್ತೇವೆ, ಅಲ್ಲಿ ಮದ್ದು ಹಾಕಿಸಿಕೊಂಡು ಸೀದಾ ಬನ್ನಿ ಅಂದರು. ಆಂಬುಲೆನ್ಸು ಹೊರಟಿತು. ಮುದ್ದಕ್ಕ ದಾರಿಯುದ್ದಕ್ಕೂ ಮಗನ ಕಿವಿಯ ಬುಡ ಹಿಡಿದುಕೊಂಡೇ ಕುಳಿತಿದ್ದಳು. ಮಾರಿಕಣಿವೆಯ ಹತ್ತಿರ ಬಂದಾಗ, "ಕೆಂಚಕ್ಕನ ಊರು" ಅಂದಳು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಅಲ್ಲದ ಹಾಗೆ, "ನಾಯಿ ಕಟ್ಟೋರು ಯಾರು ಅಂತ ಕೇಳಿದ್ದೆ. ನನ್ನ ಕೈಯಾಗೇ ಕೊಟ್ಟಿದ್ರು ಸರಪಣೀನ" ಅಂದಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ.

ಹಿರಿಯೂರಿನಲ್ಲಿ ಸೂಜಿ ಹಾಕಿದರು, ಬಾಟಲಿ ಏರಿಸಿದರು. ಬೆಂಗಳೂರು ಮುಟ್ಟುವ ಹೊತ್ತಿಗೆ ಅವನ ಕಿವಿ ತಣ್ಣಗಾಗಿತ್ತು. ಈ ತಣ್ಣಗಾಗುವುದು ಒಳ್ಳೆಯದಲ್ಲವೆಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಐಸಿಯುನಲ್ಲಿ ಅವನನ್ನು ಉಳಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ಅವನು ಮತ್ತೆ ಕಣ್ಣು ಬಿಡಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ನೆಲದ ಮೇಲೆಯೇ ಮುದ್ದಕ್ಕನ ಎದುರು ಕುಳಿತರು. ಅವರ ಕಣ್ಣೂ ಕೆಂಪಾಗಿತ್ತು. ಮುದ್ದಕ್ಕ ಒಂದೇ ಮಾತು ಕೇಳಿದಳು. "ಕ್ಯಾನ್ಸರ್ ಇತ್ತಾ?"

"ಇರಲಿಲ್ಲ ಅಮ್ಮ."

"ಒಂಚೂರೂ?"

"ಒಂಚೂರೂ ಇರಲಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಲಿಲ್ಲ. ಅವತ್ತಿನಿಂದ ಈಚೆಗೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಹಟ್ಟಿಯ ಆಚೆ, ಕುರಿ ಮೇಯುವ ಕಾವಲಿನ ಅಂಚಿನಲ್ಲಿ ಹುಡುಗನನ್ನು ಮಣ್ಣು ಮಾಡಿದರು. ಕಾಟಲಿಂಗಪ್ಪ ತನ್ನ ಕಂಬಳಿಯನ್ನೇ ಹೊದಿಸಿ ಕಳಿಸಿದ. ಮಳೆಗಾಲಕ್ಕೆ ಮುಂಚೆ ಲಸಿಕೆಯವರು ಬಂದಾಗ ಕುರಿ ಹಿಡಿಯಲು ಮುದ್ದಕ್ಕ ಹೊರಗೆ ಬರಲಿಲ್ಲ. ಅವಳಿಲ್ಲದೆ ಒಂದೊಂದು ಕುರಿಗೂ ನಾಲ್ಕು ನಾಲ್ಕು ಆಳು ಬಿದ್ದರಂತೆ.

ಕೆಂಚಕ್ಕ ಮಾತ್ರ ಫೋನು ಮಾಡುತ್ತಲೇ ಇದ್ದಳು. ರಂಜಿತಾಳಿಗೆ ಬೇರೆ ಮದ್ದಿನಿಂದ ರೋಗವನ್ನು ತಡೆದು ನಿಲ್ಲಿಸಿ, ಎರಡನೆಯ ಸಲ ಕೋಶ ಬಿಡುವುದೆಂದು ಆಗಿತ್ತು. "ಜುಂಜೇಶ ಹೆಂಗವ್ನೆ?" ಎಂದು ಕೇಳುವಳು. ಮುದ್ದಕ್ಕ, "ಅವ್ನೆ. ಕುರಿ ತಾವ ಅವ್ನೆ" ಅನ್ನುವಳು. ಒಂದು ಸಲ ನನ್ನ ಎದುರಿಗೇ ಹಾಗೆ ಅಂದಾಗ ನನಗೆ ತಡೆಯಲಾಗಲಿಲ್ಲ.

"ಯಾಕೆ ಸುಳ್ಳು ಹೇಳ್ತೀಯಾ? ಅವಳಿಗೆ ಹೇಳು ಏನಾಯ್ತು ಅಂತ."

"ಮದ್ದು ಹಾಕಿಸೋ ಮನೆಗೆ ಸಾವಿನ ಸುದ್ದಿ ಒಯ್ಯಬಾರ್ದು" ಅಂದಳು. "ಮದ್ದು ನಿಲ್ಲಲ್ಲ. ಅವಳ ಮಗಳಾದ್ರೂ ಉಳೀಲಿ."

"ಆ ಕಟ್ಟಳೆಗೆ ಬೆಂಕಿ ಹಾಕು" ಅಂದೆ. ಅವಳು ಎದ್ದು ಹೋದಳು. ಅವಳ ಗೋಳು ನೋಡಿ ಆ ಮಾತು ಮತ್ತೆ ಎತ್ತಲು ನನಗೂ ಮನಸ್ಸಾಗಲಿಲ್ಲ. ಅದೂ ಅಲ್ಲದೆ, ಜ್ವರದ ಮಾತನ್ನು ಆಸ್ಪತ್ರೆಯವರು ಕೆಂಚಕ್ಕನಿಗೆ ಹೇಳದೆ ಬಿಟ್ಟಾರೆಯೇ ಎಂದುಕೊಂಡೆ. ಅವರು ಹೇಳಿದ್ದರು. ಮುದ್ದಕ್ಕನಿಗೂ ಹೇಳಿದ್ದರಲ್ಲ.

ಮೊನ್ನೆ ಸಂತೆಯ ದಿನ ಮುದ್ದಕ್ಕ ಉಣ್ಣೆ ತಂದು ನಮ್ಮ ಜಗಲಿಯಲ್ಲಿ ಇಳಿಸಿ, ಮೂಟೆಯ ಮೇಲೆ ಕುಳಿತಿದ್ದಳು. ಸೊರಗಿ ಅರ್ಧವಾಗಿದ್ದಾಳೆ. ಈಗ ಅವಳು ನೀರು ಕೇಳುವುದಿಲ್ಲ, ನಾನೇ ತಂದಿಡುತ್ತೇನೆ, ಮುಟ್ಟುವುದೂ ಇಲ್ಲ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳದು ಯಾವಾಗಲೂ ಸ್ಪೀಕರಿನಲ್ಲೇ ಮಾತು.

"ಮುದ್ದಕ್ಕಾ" ಅಂದಳು ಕೆಂಚಕ್ಕ ಆ ಕಡೆಯಿಂದ. ದನಿಯಲ್ಲಿ ಹಿಗ್ಗು ಹಿಡಿಸದಷ್ಟಿತ್ತು. "ನಮ್ಮ ರಂಜಿಗೂ ಬಂತು ಕಣೇ ಜ್ವರ. ಎರಡ್ನೇ ಸಲಾನೂ ಬಂದಿರ್ಲಿಲ್ಲ, ಆಸ್ಪತ್ರೆಯಿಂದ ಊರಿಗೆ ಕಳ್ಸಿದ್ರು. ಈಗ ಬಂತು. ನೀನು ಹೇಳ್ದಂಗೇ ಕಿವಿ ಹಿಡಿದು ನೋಡ್ದೆ. ಸುಡ್ತಾ ಐತೆ. ಸೂಜಿ ಹಿಡೀತು ನೋಡು."

ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಮುದ್ದಕ್ಕ ಎದ್ದು ನಿಂತಳು. ನಾನು ಫೋನು ಕಸಿದುಕೊಳ್ಳಲು ಹೋದೆ. ಅವಳು ಬಿಡಲಿಲ್ಲ.

"ಕೆಂಚಕ್ಕ, ಜುಂಜ ಇಲ್ಲ" ಅಂದಳು.

"ಎಲ್ಲಿಗೋದ?"

"ಸತ್ತೋದ ಕಣೇ. ಇದೇ ಜ್ವರ. ಊರಿಗೆ ಬಂದ ಮ್ಯಾಲೆ ಬಂತು. ಸೂಜಿ ಹಿಡೀತು ಅಂತ ನಾನು ಖುಷಿ ಪಟ್ಕಂಡು ಕುಂತಿದ್ದೆ. ಹುಡುಗೀನ ಎತ್ಕಂಡು ಹಿರಿಯೂರಿಗೆ ಓಡು. ಈಗ್ಲೇ ಓಡು."

ಕೆಂಚಕ್ಕನ ದನಿ ಬೇರೆಯೇ ಆಗಿ ಬಂತು. "ಹೋದ ವಾರ ಕುರಿ ತಾವ ಅವ್ನೆ ಅಂದ್ಯಲ್ಲೇ."

"ಸುಳ್ಳು ಹೇಳ್ದೆ. ಹೋಗೇ, ನಿಲ್ಲಬ್ಯಾಡ."

ಫೋನು ನಿಂತಿತು. ನಾನು ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ, ಹುಡುಗಿಯ ಹೆಸರು, ಊರು ಎಲ್ಲ ಹೇಳಿದೆ. ಹಿರಿಯೂರಿಗೆ ಹೇಳುತ್ತೇವೆ ಅಂದರು. ಇನ್ನೇನು ಮಾಡಲೂ ನಮ್ಮ ಕೈಯಲ್ಲಿರಲಿಲ್ಲ. ಮುದ್ದಕ್ಕ ಮತ್ತೆ ಮೂಟೆಯ ಮೇಲೆ ಕುಳಿತು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದಳು. ಬೀದಿಯಲ್ಲಿ ಸಂತೆಗೆ ಹೋಗುವವರು ಎಂದಿನಂತೆ ಹೋಗುತ್ತಿದ್ದರು. ಯಾರೋ ಉಣ್ಣೆಯ ದರ ಕೇಳಿದರು. ಆಮೇಲೆ ಬರ್ರಿ ಎಂದು ನಾನು ಅಟ್ಟಿದೆ.

ಮತ್ತೆ ಫೋನು ಬಂತು. ಗಾಡಿಯ ಸದ್ದು, ಗಾಳಿಯ ಸದ್ದು. ಅದರ ಮಧ್ಯೆ ಆ ಹುಡುಗಿಯ ಕ್ಷೀಣವಾದ ದನಿ ಏನೋ ಬೇಡುತ್ತಿತ್ತು.

"ಗಾಡಿ ಹತ್ತಿದ್ವಿ" ಅಂದಳು ಕೆಂಚಕ್ಕ, ಅಳುತ್ತ. "ಬೆಳಗ್ಗೆಯಿಂದ ನೀರು ನೀರು ಅಂತಾಳೆ. ಹೊತ್ತು ಇಳಿಯೋಗಂಟ ಕೊಡಬಾರ್ದು ಅಂದಿದ್ಯಲ್ಲ ನೀನು. ಕೊಡ್ಲಾ, ಬ್ಯಾಡ್ವಾ?"

ಮುದ್ದಕ್ಕನ ಬಾಯಿಂದ ಬಂದದ್ದು ಮಾತಲ್ಲ, ಹೊಟ್ಟೆಯೊಳಗಿಂದ ಕಿತ್ತುಬಂದ ಒಂದು ಸದ್ದು. ಆಮೇಲೆ ಮಾತು ಬಂತು.

"ಕೊಡೇ. ಕೇಳಿದಷ್ಟೂ ಕೊಡು. ನನ್ನ ಮಗ ಎರಡು ಸಲ ಕೇಳ್ದ. ಹೊತ್ತು ಇಳೀಲಿ ಕಣಪ್ಪ ಅಂದೆ."

ಆ ಕಡೆ ಬಾಟಲಿಯ ಮುಚ್ಚಳ ತಿರುವಿದ ಸದ್ದಾಯಿತು, ಆಮೇಲೆ ಹುಡುಗಿ ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು. ಮುದ್ದಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣೀರು ಒರೆಸಿಕೊಳ್ಳದೆ, ಅದನ್ನೇ ಕೇಳುತ್ತ ಕುಳಿತಳು.